ಹುಡುಗಾಟವೆಂದು ನಕ್ಕುಬಿಡುವ ಮುನ್ನ

ಹುಡುಗರ ಮಾತು ಹುಡುಗಾಟವೆಂದು ನಾವು ನಕ್ಕು ಸುಮ್ಮನಾಗುತ್ತೇವೆ. ಕುಳ್ಳ, ಡೊಳ್ಳ, ಕರಿಯ, ಮೆಳ್ಳಗಣ್ಣ, ಇಂತಹ ಯಾವುದಾದರೊಂದು ಹೆಸರಿನಿಂದ ಕರೆಸಿಕೊಳ್ಳದೆ ಶಾಲೆ ಮುಗಿಸಿದವರು ನಮ್ಮಲ್ಲಿ ಎಷ್ಟು ಮಂದಿ? ಆದರೆ ಕೆರೆಯ ಮೆಟ್ಟಿಲ ಮೇಲೆ, ವಿದ್ಯಾರ್ಥಿನಿಲಯದ ಬಚ್ಚಲಲ್ಲಿ, ಆಟಗಾರರು ಬಟ್ಟೆ ಬದಲಿಸುವ ಕೋಣೆಯಲ್ಲಿ ಹುಟ್ಟುವ ಹಾಸ್ಯ ಇದಕ್ಕಿಂತ ಕ್ರೂರವಾದದ್ದು. ಅದನ್ನು ಹುಡುಗ ಮನೆಗೆ ಬಂದು ತಾಯಿಯ ಮುಂದೆ ಹೇಳಲಾರ. ತಂದೆಯ ಮುಂದಂತೂ ಬಾಯಿಯೇ ಬಿಡಲಾರ. ಅವನು ಹೇಳಲಾರದ್ದರಿಂದಲೇ ಹಿರಿಯರಾದ ನಾವು ಈ ಮಾತನ್ನು ಎತ್ತಬೇಕಾಗಿದೆ.

ನಾನು ಉಪಾಧ್ಯಾಯನಾಗಿದ್ದಾಗ ನಡೆದ ಸಂಗತಿ. ಒಂದು ಶನಿವಾರ ಏಳನೆಯ ತರಗತಿಯ ಹುಡುಗರನ್ನು ಈಜಲು ಕೆರೆಗೆ ಕರೆದುಕೊಂಡು ಹೋಗಿದ್ದೆ. ಅವರಲ್ಲಿ ಒಬ್ಬ ಎಣ್ಣೆ ಅಂಗಡಿಯವರ ಮಗ. ಚಿಕ್ಕಂದಿನಲ್ಲಿ ಮುಂದೊಗಲು ಬಿಗಿಯಾಗಿ ಮೂತ್ರಕ್ಕೆ ತೊಂದರೆಯಾದುದರಿಂದ ಡಾಕ್ಟರು ಅದನ್ನು ತೆಗೆದಿದ್ದರು. ಬಟ್ಟೆ ಬದಲಿಸುವಾಗ ಅದು ಹುಡುಗರಿಗೆ ಗೊತ್ತಾಯಿತು. ಅಷ್ಟೇ ಸಾಕಾಯಿತು, ‘ಸಾಬಿ, ಸಾಬಿ’ ಎಂದು ಚಪ್ಪಾಳೆ ತಟ್ಟಿ ಸುತ್ತುಗಟ್ಟಿದರು. ಹುಡುಗ ಅಳತೊಡಗಿದ. ನಾನು ಗದರಿಸಿದೆ: “ಅವನು ಸಾಬಿ ಅಲ್ಲ ಕಣ್ರೋ, ಅದು ಡಾಕ್ಟರು ಮಾಡಿದ್ದು. ಸುಮ್ಮನೆ ಯಾಕೆ ಗೋಳು ಹುಯ್ಕೋತೀರಿ?”

ಹುಡುಗರು ಸುಮ್ಮನಾದರು. ನ್ಯಾಯ ಮಾಡಿದೆನೆಂದು ನಾನೂ ಹಿಗ್ಗಿದೆ. ಹತ್ತು ಹೆಜ್ಜೆಯ ಆಚೆಗೆ ಒಬ್ಬ ಹಮಾಲರ ಮಗ ಒದ್ದೆ ಅಂಗಿಯನ್ನು ಹಿಂಡುತ್ತ ನಿಂತಿದ್ದ. ಅವನು ಮುಸಲ್ಮಾನ. ಎಲ್ಲವನ್ನೂ ಕೇಳಿಸಿಕೊಂಡಿದ್ದ. ಸೋಮವಾರ ಅವನು ಬೆಂಚು ಬದಲಿಸಿ ಹಿಂದಕ್ಕೆ ಹೋಗಿ ಕುಳಿತ. ಆಮೇಲೆ ಒಂದು ದಿನವೂ ಕೆರೆಗೆ ಬರಲಿಲ್ಲ.

ನನ್ನ ತಪ್ಪು ತಿಳಿಯಲು ನನಗೆ ವರ್ಷಗಳೇ ಬೇಕಾದುವು. ‘ಅವನು ಅದಲ್ಲ’ ಎಂದು ನಾನು ಒಬ್ಬನನ್ನು ಕಾಪಾಡಿದೆ. ಹಾಗಾದರೆ ‘ಅದೇ’ ಆಗಿರುವವನ ಗತಿ? ಅವನನ್ನು ಹಾಸ್ಯ ಮಾಡಬಹುದೆಂದು ಉಪಾಧ್ಯಾಯನೇ ಒಪ್ಪಿಕೊಂಡಂತಾಗಲಿಲ್ಲವೇ? ಅದು ಬೈಗುಳವೇ ಅಲ್ಲ, ಅದರಲ್ಲಿ ನಾಚಿಕೆಗೆ ಕಾರಣವೇ ಇಲ್ಲ ಎಂದು ನಾನು ಹೇಳಬೇಕಾಗಿತ್ತು. ಹೇಳಲಿಲ್ಲ.

ತಮಾಷೆ ನೋಡಿ. ನಮ್ಮ ಜನ ಬ್ರಾಹ್ಮಣ ವಟುವಿನ ಉಪನಯನವನ್ನೂ ಮುಂಜಿ ಎನ್ನುತ್ತಾರೆ, ಮುಸಲ್ಮಾನ ಹುಡುಗನ ಸುನ್ನತಿಯನ್ನೂ ಮುಂಜಿ ಎನ್ನುತ್ತಾರೆ. ಒಂದೇ ಮಾತು, ಒಂದಕ್ಕೆ ಊಟ, ಇನ್ನೊಂದಕ್ಕೆ ನಗು. ಇನ್ನು ಫಿಲಿಪ್ಪೀನ್ಸ್ ದೇಶಕ್ಕೆ ಹೋದರೆ ಕಥೆ ತಿರುಗುಮುರುಗು. ಅಲ್ಲಿಯ ಬಹುಮಂದಿ ಕ್ರೈಸ್ತರು. ಆದರೂ ಬಹುತೇಕ ಗಂಡುಹುಡುಗರಿಗೆ ಸುನ್ನತಿಯಾಗುತ್ತದೆ, ಹೆಚ್ಚಾಗಿ ಶಾಲೆಯ ಬೇಸಗೆ ರಜೆಯಲ್ಲಿ. ಆಗದೆ ಉಳಿದವನನ್ನು ‘ಸುಪೋಟ್’ ಎಂದು ಜೊತೆಯವರು ಹೀಯಾಳಿಸುತ್ತಾರೆ. ಇಲ್ಲಿ ಆದವನಿಗೆ ನಗು, ಅಲ್ಲಿ ಆಗದವನಿಗೆ ನಗು. ಹಾಗಾದರೆ ದೋಷವಿರುವುದು ಮೈಯಲ್ಲಿ ಅಲ್ಲ, ಎಣಿಕೆಯಲ್ಲಿ. ಎಲ್ಲಿ ಯಾರು ಹೆಚ್ಚೋ ಅಲ್ಲಿ ಅವರ ಮೈಯೇ ಸರಿಯಾದ ಮೈ!

ಈ ನಗು ಎಲ್ಲಿಗೆ ಹೋಗಿ ಮುಟ್ಟಬಲ್ಲದು ಎಂಬುದಕ್ಕೆ ಚರಿತ್ರೆಯೇ ಸಾಕ್ಷಿ. ಸಾಲಮನ್ ಪೆರೆಲ್ ಎಂಬುವನು 1925ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಯಹೂದಿ ಹುಡುಗ. 1941ರಲ್ಲಿ ಜರ್ಮನ್ ಸೈನ್ಯದ ಕೈಗೆ ಸಿಕ್ಕಾಗ ತಾನು ಜರ್ಮನ್ ಕುಲದವನೆಂದು ಹೇಳಿ ಜೀವ ಉಳಿಸಿಕೊಂಡ. ಆಮೇಲೆ ಹಿಟ್ಲರನ ಯುವಕ ಸಂಘದ ಶಾಲೆಗೇ ಅವನನ್ನು ಸೇರಿಸಿದರು. ಸುನ್ನತಿಯಾದ ಮೈ ಸ್ನಾನದ ಹೊತ್ತಿನಲ್ಲಿ ಜೊತೆಯ ಹುಡುಗರ ಕಣ್ಣಿಗೆ ಬಿದ್ದರೆ ಪ್ರಾಣವೇ ಹೋಗುತ್ತಿತ್ತು. ಆ ಭಯವನ್ನು ಹೊತ್ತೇ ಅವನು ಯುದ್ಧ ಮುಗಿಯುವವರೆಗೆ ಬದುಕಿದ. ಅವನು ತೀರಿಕೊಂಡದ್ದು 2023ರಲ್ಲಿ. ಅಷ್ಟು ದೂರವೇಕೆ? 1947ರ ದೇಶವಿಭಜನೆಯ ಗಲಭೆಯಲ್ಲಿ ನಮ್ಮ ನೆಲದಲ್ಲೇ ಗಂಡಸರ ಬಟ್ಟೆ ಬಿಚ್ಚಿಸಿ, ಮೈ ನೋಡಿ, ಕೊಲ್ಲಬೇಕೋ ಬಿಡಬೇಕೋ ಎಂದು ತೀರ್ಮಾನಿಸಿದರು. ಹಾಗೆ ಕತ್ತಿ ಹಿಡಿದವನೂ ಒಂದು ಕಾಲಕ್ಕೆ ಹುಡುಗನಾಗಿದ್ದವನೇ.

ಕೆರೆಯ ಮೆಟ್ಟಿಲ ಮೇಲೆ ಚಪ್ಪಾಳೆ ತಟ್ಟಿದ ಹುಡುಗರೆಲ್ಲ ಕೊಲೆಗಡುಕರಾಗುತ್ತಾರೆ ಎಂದು ನಾನು ಹೇಳುತ್ತಿಲ್ಲ. ಆದರೆ ಅವರು ಒಂದು ಪಾಠವನ್ನು ಕಲಿತರು, ಅದನ್ನು ಮರೆಯಲಿಲ್ಲ. ಆ ಹಮಾಲರ ಮಗ ಈಗ ಗಿರಣಿಯಲ್ಲಿ ನೂಲುವ ಖಾತೆಯಲ್ಲಿದ್ದಾನೆ. ಕಳೆದ ವರ್ಷ ಸಂಘದ ಚಂದಾಕ್ಕೆ ಹೋದಾಗ ಮರ್ಯಾದೆಯಿಂದ ಕೂರಿಸಿ ಚಹಾ ಕೊಟ್ಟ, ಚಂದಾ ಕೊಟ್ಟ. “ಮೀಟಿಂಗಿಗೆ ಮಾತ್ರ ಕರೀಬೇಡಿ ಮೇಷ್ಟ್ರೇ” ಎಂದ. ಏಕೆಂದು ಕೇಳುವ ಮುಖ ನನಗಿರಲಿಲ್ಲ. ಬೋನಸ್ಸಿಗಾಗಿ ಗೇಟಿನ ಮುಂದೆ ಹೆಗಲಿಗೆ ಹೆಗಲು ಕೊಟ್ಟು ನಿಲ್ಲಬೇಕಾದವರು ಹನ್ನೆರಡನೆಯ ವಯಸ್ಸಿಗೇ ಬೇರೆಯಾಗಿ ಹೋಗಿದ್ದರೆ, ಅವರನ್ನು ಒಡೆಯಲು ಮಾಲೀಕನು ಕಾಸು ಖರ್ಚು ಮಾಡಬೇಕಾದ ಅಗತ್ಯವಾದರೂ ಏನು?

‘ನಾವೂ ಹೀಗೇ ಬೆಳೆದವರಲ್ಲವೇ, ನಮಗೇನಾಯಿತು?’ ಎಂದು ಕೆಲವರು ಕೇಳುತ್ತಾರೆ. ನಕ್ಕವರಿಗೆ ಏನೂ ಆಗಲಿಲ್ಲ, ನಿಜ. ನಗಿಸಿಕೊಂಡವರನ್ನು ಕೇಳಿದವರಾರು? ಸುನ್ನತಿ ಬೇಕೋ ಬೇಡವೋ ಎಂಬುದು ದೊಡ್ಡವರು ಕೂತು ಚರ್ಚಿಸಬೇಕಾದ ಬೇರೆಯೇ ವಿಷಯ. ಮಗುವಂತೂ ಅದನ್ನು ಕೇಳಿ ಮಾಡಿಸಿಕೊಂಡದ್ದಲ್ಲ. ಕಪ್ಪು ಬಣ್ಣವನ್ನಾಗಲಿ, ಕುಂಟು ಕಾಲನ್ನಾಗಲಿ ಯಾರೂ ಕೇಳಿ ಪಡೆದದ್ದಲ್ಲ.

ಮಾಡಬೇಕಾದುದೇನು? 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮು ಶಾಲೆಯಲ್ಲಿ ಮಗುವಿಗೆ ಹೊಡೆತ ಮಾತ್ರವಲ್ಲ, ಮಾನಸಿಕ ಹಿಂಸೆಯೂ ಕೂಡದೆನ್ನುತ್ತದೆ. ಇಂತಹ ಹಾಸ್ಯವನ್ನು ಕಂಡೂ ಸುಮ್ಮನಿರುವ ಉಪಾಧ್ಯಾಯನು ಆ ಮಾತನ್ನು ನೆನೆಯಲಿ. ವಿದ್ಯಾರ್ಥಿನಿಲಯದ ಬಚ್ಚಲಿಗೆ ಬಾಗಿಲು, ಬಾಗಿಲಿಗೆ ಚಿಲಕ ಇಲ್ಲದ ಕಡೆ ತಂದೆಗಳು ಸೇರಿ ಅರ್ಜಿ ಕೊಡಲಿ. ಬಡವರ ಮಕ್ಕಳಿಗೂ ಮಾನವಿದೆ. ಎಲ್ಲಕ್ಕಿಂತ ಮೊದಲು ನಮ್ಮ ಅಂಗಡಿಯ ಜಗಲಿಯ ಮೇಲೆ, ಚಹದ ಹೋಟೆಲಿನಲ್ಲಿ, ಪಾಳಿ ಮುಗಿಸಿ ಬರುವ ದಾರಿಯಲ್ಲಿ ನಾವು ಆಡುವ ‘ಅವರ’ ಮೈಯ ಹಾಸ್ಯ ನಿಲ್ಲಲಿ. ಹುಡುಗರು ಆ ಮಾತನ್ನು ಕೆರೆಯಲ್ಲಿ ಕಲಿಯಲಿಲ್ಲ. ನಮ್ಮಿಂದ ಕಲಿತು ಕೆರೆಗೆ ಒಯ್ದರು.

ಇಂದು ರಾತ್ರಿ ಊಟಕ್ಕೆ ಕುಳಿತಾಗ ಮಗನನ್ನು ಕೇಳಿ ನೋಡಿ: “ನಿಮ್ಮ ಕ್ಲಾಸಿನಲ್ಲಿ ಯಾರನ್ನು ನೋಡಿ ಎಲ್ಲರೂ ನಗುತ್ತೀರಿ?” ಅವನು ಕೂಡಲೇ ಒಂದು ಹೆಸರು ಹೇಳುತ್ತಾನೆ. ಅಥವಾ ತಲೆ ತಗ್ಗಿಸುತ್ತಾನೆ. ಎರಡರಲ್ಲಿ ಯಾವುದಾದರೂ ತಂದೆಯ ಕೆಲಸ ಅಲ್ಲಿಂದ ಮೊದಲಾಗುತ್ತದೆ.