ಎಂ.ಆರ್.ಐ. ನಾರ್ಮಲ್... ಮುಂದೆ?

ಈ ಕಡೆ ತಲೆ ಹಾಕದೆ ನಾಲ್ಕು ತಿಂಗಳ ಮೇಲಾಯಿತು. ಕಾರಣವೂ ತಲೆಯೇ. ನನ್ನದಲ್ಲ, ಮಗಳದ್ದು.

ಪುಟ್ಟಿಗೆ ಈಗ ಹನ್ನೊಂದು ವರ್ಷ. ಒಂದೂವರೆ ವರ್ಷದಿಂದ ಮೈಗ್ರೇನ್. ಮೊದಲು ತಿಂಗಳಿಗೊಮ್ಮೆ ಬರುತ್ತಿತ್ತು, ಆಮೇಲೆ ವಾರಕ್ಕೊಮ್ಮೆ. ಹೋದ ಮಳೆಗಾಲದ ಹೊತ್ತಿಗೆ ತಿಂಗಳಲ್ಲಿ ಹದಿನೆಂಟು ಇಪ್ಪತ್ತು ದಿನ. ಬಂತೆಂದರೆ ಕಿಟಕಿ ಮುಚ್ಚಿಸಿ, ಹಣೆಗೆ ಅವಳಮ್ಮನ ಹಳೇ ವೇಲ್ ಬಿಗಿದುಕೊಂಡು ಗೋಡೆ ಕಡೆ ತಿರುಗಿ ಮಲಗಿಬಿಡುತ್ತಾಳೆ. ಒಗ್ಗರಣೆ ವಾಸನೆಗೆ ವಾಂತಿ. ಪಕ್ಕದ ಮನೆಯ ಮಿಕ್ಸಿ ಸದ್ದಿಗೆ ಅಳು. ನಮ್ಮನೆಯಲ್ಲಿ ಈಗ ಎಲ್ಲರೂ ಪಿಸುಮಾತಿನಲ್ಲೇ ಜಗಳ ಆಡೋದು ಕಲಿತಿದ್ದೇವೆ :)

"ಇಷ್ಟು ಸಣ್ಣ ಮಗುವಿಗೆ ಮೈಗ್ರೇನಾ?" ಅಂತ ಕೇಳದವರಿಲ್ಲ. ಶುರುವಿನಲ್ಲಿ ನಾನೂ ಕೇಳಿದ್ದೆ. ಅರೆತಲೆನೋವು ಅಂದಮೇಲೆ ಅರ್ಧ ತಲೆಗೇ ಬರಬೇಕಲ್ಲ, ಇವಳಿಗೆ ಹಣೆ ಪೂರ್ತಿ ನೋಯುತ್ತದಲ್ಲ ಅಂತ ನನ್ನ ತರ್ಕ. ಮಕ್ಕಳಲ್ಲಿ ಎರಡೂ ಕಡೆ ಬರುವುದು ಮಾಮೂಲಂತೆ. ಎರಡು ಗಂಟೆಯಲ್ಲೇ ಇಳಿದೂ ಹೋಗಬಹುದು. ಬೆಳಿಗ್ಗೆ ಸ್ಕೂಲಿಗೆ ಹೋಗದ ಮಗು ಸಂಜೆ ಅಂಗಳದಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದರೆ ನೋಡಿದವರಿಗೆ ನಾಟಕ ಅನ್ನಿಸದೆ ಇನ್ನೇನು?

ಸ್ಕೂಲಿನವರಿಗೂ ಹಾಗೇ ಅನ್ನಿಸಿತು. ಫೋನ್ ಬಂತು. "ಸಾರ್, ಮ್ಯಾಥ್ಸ್ ಟೆಸ್ಟ್ ದಿನಾನೇ ಇವಳಿಗೆ ತಲೆನೋವು ಬರುತ್ತೆ. ಮನೇಲಿ ಸ್ವಲ್ಪ ಸ್ಟ್ರಿಕ್ಟ್ ಆಗಬೇಕು ನೀವು." ನಾನು ಆದೆ. ಮಾರನೇ ಟೆಸ್ಟ್ ದಿನ ಅಳುತ್ತಿದ್ದವಳನ್ನು ಎಬ್ಬಿಸಿ, ಶೂ ಹಾಕಿಸಿ, ಆಟೋ ಹತ್ತಿಸಿದೆ. ಬಸ್ ಸ್ಟ್ಯಾಂಡ್ ತಿರುವಿನ ಹತ್ತಿರ ಯೂನಿಫಾರ್ಮ್ ಮೇಲೆಲ್ಲ ವಾಂತಿ. ಆಟೋದವನು ಪಾಪ, ನೀರಿನ ಬಾಟಲಿ ಕೊಟ್ಟ. ಒರೆಸುತ್ತಾ ಇದ್ದೆ, ಪುಟ್ಟಿ ಕೇಳಿದಳು, "ಅಪ್ಪಾ, ಈಗ ನಂಬ್ತೀಯಾ?"

ಉತ್ತರ ಕೊಡಲಿಲ್ಲ ನಾನು. ಈ ಬರಹವನ್ನೇ ಆ ಉತ್ತರ ಅಂದುಕೊಳ್ಳಿ.

ಆಮೇಲೆ ಶುರುವಾಯಿತು ನೋಡಿ ನಮ್ಮ ದಂಡಯಾತ್ರೆ. ಅಮ್ಮ "ದೃಷ್ಟಿಯಾಗಿದೆ ಕಣೋ" ಅಂತ ಉಪ್ಪು ಮೆಣಸಿನಕಾಯಿ ನಿವಾಳಿಸಿದರು, ಶುಂಠಿ ತೇದು ಹಣೆಗೆ ಪಟ್ಟು ಹಾಕಿದರು. ಕಣ್ಣಿನ ಡಾಕ್ಟರು ಕನ್ನಡಕ ಕೊಟ್ಟರು. ಕಿವಿ-ಮೂಗಿನ ಡಾಕ್ಟರು ಸೈನಸ್ ಎಕ್ಸ್-ರೇ ತೆಗೆಸಿದರು. ಆಯುರ್ವೇದದವರು ಅರ್ಧಾವಭೇದಕ ಅಂದರು, ಹೋಮಿಯೋಪತಿಯವರು ಬಿಳಿ ಗುಳಿಗೆ ಕೊಟ್ಟರು. ಒಬ್ಬರ ಔಷಧಿ ಮೂರು ವಾರ ಆಗುವುದರೊಳಗೆ ಇನ್ನೊಬ್ಬರ ಹೆಸರು ಯಾರೋ ಹೇಳುತ್ತಿದ್ದರು, ನಾವು ಓಡುತ್ತಿದ್ದೆವು. ಕೆಲವೊಮ್ಮೆ ಇಬ್ಬರ ಔಷಧಿ ಒಟ್ಟಿಗೇ. ಯಾವುದರಿಂದ ಏನಾಯಿತು ಅಂತ ಇವತ್ತಿಗೂ ನನಗೆ ಹೇಳಲಾಗದು. ಅವರ್ಯಾರ ಮೇಲೂ ನನ್ನ ದೂರಿಲ್ಲ, ದೂರು ಇರೋದು ನಮ್ಮ ಅವಸರದ ಮೇಲೆ.

ಎಂ.ಆರ್.ಐ. ಕೂಡ ನಾವೇ ಹಟ ಹಿಡಿದು ಮಾಡಿಸಿದ್ದು. ನಾರ್ಮಲ್ ಅಂತ ಬಂತು. ನನ್ನಾಕೆ ದೇವರಿಗೆ ತುಪ್ಪದ ದೀಪ ಹಚ್ಚಿದಳು. ನಾನು ಮಾತ್ರ, ಹೇಳಲು ನಾಚಿಕೆ, ಒಂದು ಕ್ಷಣ ನಿರಾಸೆಗೊಂಡೆ. ಏನಾದರೂ ಕಂಡಿದ್ದರೆ ಅದಕ್ಕೊಂದು ಮದ್ದು ಇರುತ್ತಿತ್ತಲ್ಲ ಅಂತ. ಮೈಗ್ರೇನ್ ಸ್ಕ್ಯಾನಿನಲ್ಲಿ ಕಾಣುವ ಕಾಯಿಲೆ ಅಲ್ಲ. (ಹಾಗಂತ ಎಲ್ಲ ತಲೆನೋವನ್ನೂ ಮೈಗ್ರೇನ್ ಅಂದುಕೊಂಡು ಕೂರಬೇಡಿ. ಹಠಾತ್ತಾಗಿ ಸಿಡಿದಂತೆ ಬಂದರೆ, ಜ್ವರದ ಜೊತೆ ಕತ್ತು ಬಿಗಿದರೆ, ನಡಿಗೆ ತಪ್ಪಿದರೆ, ನೋಟ ಮಂಜಾದರೆ, ನಿದ್ದೆಯಿಂದ ಎಬ್ಬಿಸುವಂಥ ನೋವಾದರೆ ತಕ್ಷಣ ಆಸ್ಪತ್ರೆಗೆ ಹೋಗಿ.)

ಕೊನೆಗೆ ರಾತ್ರಿ ರೈಲು ಹತ್ತಿ ಬೆಂಗಳೂರಿನ ನರರೋಗ ತಜ್ಞರೊಬ್ಬರ ಹತ್ತಿರ ಹೋದೆವು. ಅವರು ಫೈಲ್ ಬಿಚ್ಚಲೇ ಇಲ್ಲ. ಪುಟ್ಟಿಯನ್ನೇ ಮಾತಾಡಿಸಿದರು, ಅರ್ಧ ಗಂಟೆ. ಆಮೇಲೆ ನಮ್ಮ ಕಡೆ ತಿರುಗಿ, "ತಿಂಗಳಲ್ಲಿ ಎಷ್ಟು ದಿನ ನೋವಿನ ಮಾತ್ರೆ ಕೊಡ್ತೀರಿ?" ಅಂದರು. ನಾನು ನನ್ನಾಕೆಯ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು. ಬೆಳಿಗ್ಗೆ ಅವಳು ಕೊಡುತ್ತಿದ್ದಳು, ಸಂಜೆ ನಾನು, ಮಧ್ಯೆ ಅಮ್ಮ "ಪಾಪ ಮಗು" ಅಂತ ಇನ್ನೊಂದು. ಲೆಕ್ಕ ಯಾರ ಹತ್ತಿರವೂ ಇಲ್ಲ.

ಊರಿಗೆ ಬಂದು ಮೆಡಿಕಲ್ ಸ್ಟೋರಿನ ಚೀಟಿಗಳನ್ನೆಲ್ಲ ಹರವಿಕೊಂಡು ಕೂತೆವು. ತಿಂಗಳಿಗೆ ಇಪ್ಪತ್ತು ದಿನಕ್ಕೂ ಹೆಚ್ಚು! ತಲೆನೋವಿನ ಕಾಯಿಲೆ ಇರುವವರು ಸಾಮಾನ್ಯ ನೋವಿನ ಮಾತ್ರೆಯನ್ನು ತಿಂಗಳಿಗೆ 15 ದಿನ ಅಥವಾ ಹೆಚ್ಚು, ಮೂರು ತಿಂಗಳಿಗೂ ಮೀರಿ ನುಂಗಿದರೆ ಆ ಮಾತ್ರೆಯೇ ತಲೆನೋವು ಹೆಚ್ಚಿಸಬಹುದು. ಟ್ರಿಪ್ಟಾನ್ ಜಾತಿಯ ಮಾತ್ರೆಗಾದರೆ 10 ದಿನ ಸಾಕು. ಪ್ರೀತಿಯಿಂದ ಕೊಟ್ಟದ್ದೇ ಹೀಗಾಯಿತು. ಡಾಕ್ಟರು ಹೇಳಿದಂತೆ ಕಡಿಮೆ ಮಾಡಿದಾಗ ಮೊದಲ ಹತ್ತು ದಿನ ನೋವು ಇನ್ನೂ ಜೋರು. ಆ ಹತ್ತು ದಿನದ ಬಗ್ಗೆ ಬರೆಯಲಾರೆ, ಬಿಡಿ.

ಇನ್ನು ನನ್ನ ಭಾವನವರ ವಿಷಯಕ್ಕೆ ಬರ್ತೀನಿ. ನೆಟ್ಟಿನಲ್ಲಿ ಎಲ್ಲವನ್ನೂ ಓದುವವರು. ಅಮೆರಿಕದಲ್ಲಿ 8ರಿಂದ 17 ವಯಸ್ಸಿನ ಮೈಗ್ರೇನ್ ಇರುವ ಮಕ್ಕಳ ಮೇಲೆ ಮಾಡಿದ ಚಾಂಪ್ ಎಂಬ ಅಧ್ಯಯನ 2017ರಲ್ಲಿ ಅಚ್ಚಾಯಿತು. ಕೆಲವರಿಗೆ ಅಮಿಟ್ರಿಪ್ಟಿಲಿನ್, ಕೆಲವರಿಗೆ ಟೋಪಿರಮೇಟ್, ಇನ್ನು ಕೆಲವರಿಗೆ ಔಷಧಿಯೇ ಇಲ್ಲದ ಪೊಳ್ಳು ಮಾತ್ರೆ. ತಲೆನೋವಿನ ದಿನಗಳು ಅರ್ಧಕ್ಕರ್ಧ ಅಥವಾ ಅದಕ್ಕೂ ಹೆಚ್ಚು ಇಳಿದದ್ದು ಕ್ರಮವಾಗಿ ಶೇ. 52, ಶೇ. 55, ಶೇ. 61 ಮಕ್ಕಳಲ್ಲಿ. ಹೌದು, ಪೊಳ್ಳು ಮಾತ್ರೆಯದ್ದೇ 61. ಮುಂದುವರಿಸಿ ಪ್ರಯೋಜನವಿಲ್ಲ ಅಂತ ಅಧ್ಯಯನವನ್ನು ಅರ್ಧಕ್ಕೇ ನಿಲ್ಲಿಸಿದರು.

ಭಾವ ಅಂದರು, "ನೋಡೋ, ಸಕ್ಕರೆ ಗುಳಿಗೆಗೇ ಹೋಗೋ ನೋವು ಒಂದು ನೋವಾ? ನಾನು ಮೊದಲೇ ಹೇಳಿರಲಿಲ್ವಾ?"

ನನಗೆ ಸಿಟ್ಟು ಬಂತು. ಹಿರಿಯರು ಅಂತ ಅವತ್ತು ಸುಮ್ಮನಿದ್ದೆ, ಇಲ್ಲಿ ಹೇಳ್ತೀನಿ. ಆ ಮಕ್ಕಳಿಗೆ ಸಿಕ್ಕಿದ್ದು ಬರೀ ಗುಳಿಗೆ ಅಲ್ಲ ಭಾವ. ದಿನಾ ತಲೆನೋವಿನ ಡೈರಿ ಬರೆಸಿದರು. ಮತ್ತೆ ಮತ್ತೆ ಕರೆಸಿ ವಿಚಾರಿಸಿದರು. ನೋವು ಬಂದ ಕೂಡಲೇ ಏನು ಮಾಡಬೇಕು ಅಂತ ಹೇಳಿಕೊಟ್ಟರು. ಯಾರೂ "ನಾಟಕ" ಅನ್ನಲಿಲ್ಲ. ಔಷಧಿಯೇ ಇಲ್ಲದೆ ಅಷ್ಟು ಮಕ್ಕಳು ಚೇತರಿಸಿಕೊಂಡರು ಅಂದರೆ ನೋವು ಸುಳ್ಳು ಅಂತಲ್ಲ, ಮಗುವನ್ನು ನಂಬಿ ಸರಿಯಾಗಿ ನೋಡಿಕೊಂಡರೆ ಅದಕ್ಕೂ ಬಲ ಇದೆ ಅಂತ ಅರ್ಥ. ಕನಿಷ್ಠ ನಾನು ಓದಿಕೊಂಡದ್ದು ಹಾಗೆ.

ಅದಕ್ಕಿಂತ ಮೊದಲೇ, 2013ರಲ್ಲಿ, ಇನ್ನೊಂದು ಅಧ್ಯಯನ ಬಂದಿತ್ತು. ಪುಟ್ಟಿಯ ಹಾಗೇ ತಿಂಗಳಲ್ಲಿ 15 ದಿನಕ್ಕಿಂತ ಹೆಚ್ಚು ನರಳುವ 135 ಮಕ್ಕಳು, 10ರಿಂದ 17 ವಯಸ್ಸಿನವರು. ಎಲ್ಲರಿಗೂ ಅಮಿಟ್ರಿಪ್ಟಿಲಿನ್ ಕೊಟ್ಟರು. ಅರ್ಧ ಮಕ್ಕಳಿಗೆ ಅದರ ಜೊತೆ ಕಾಗ್ನಿಟಿವ್ ಬಿಹೇವಿಯರ್ ಥೆರಪಿ, ಅಂದರೆ ನೋವಿನ ಜೊತೆ ಬದುಕುವುದನ್ನು, ಉಸಿರು ಸ್ನಾಯು ಸಡಿಲಿಸುವುದನ್ನು ಕಲಿಸುವ ಮಾತಿನ ಚಿಕಿತ್ಸೆ. ಉಳಿದವರಿಗೆ ತಲೆನೋವಿನ ಬಗ್ಗೆ ತಿಳಿವಳಿಕೆಯ ಪಾಠ. ಇಪ್ಪತ್ತು ವಾರದ ನಂತರ ಮೊದಲ ಗುಂಪಿನಲ್ಲಿ ತಿಂಗಳಿಗೆ ಸರಾಸರಿ 11.5 ದಿನ ನೋವು ಕಡಿಮೆಯಾಗಿತ್ತು, ಎರಡನೆಯದರಲ್ಲಿ 6.8 ದಿನ.

ನಮ್ಮಲ್ಲಿ ಡಾಕ್ಟರು ಇದೇ ಚಿಕಿತ್ಸೆ ಬರೆದಾಗ ಏನಾಯಿತು ಗೊತ್ತಾ? ಮೆಡಿಕಲ್ ಸ್ಟೋರಿನ ಹುಡುಗ "ಇದು ಡಿಪ್ರೆಶನ್ ಮಾತ್ರೆ ಅಲ್ವಾ ಸಾರ್?" ಅಂದ. ಸೈಕಾಲಜಿಸ್ಟ್ ಅಂದ ಕೂಡಲೇ ಅಮ್ಮ ಎರಡು ದಿನ ಊಟ ಬಿಟ್ಟರು. "ನಮ್ಮ ಕೂಸಿಗೆ ತಲೆ ಕೆಟ್ಟಿದೆಯಾ?" ನಿಮ್ಹಾನ್ಸ್ ಹೆಸರೆತ್ತಿದರೆ ಇವತ್ತಿಗೂ ಹುಚ್ಚಾಸ್ಪತ್ರೆ ಅನ್ನುವ ನೆಂಟರು ನಮಗಿದ್ದಾರೆ. ಅದೇ ನಿಮ್ಹಾನ್ಸಿನ ವೈದ್ಯರೂ ಸೇರಿ ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ 2,329 ಜನ ವಯಸ್ಕರನ್ನು ಮಾತಾಡಿಸಿ ಮಾಡಿದ ಸಮೀಕ್ಷೆ 2015ರಲ್ಲಿ ಬಂತು. ಒಂದು ವರ್ಷದಲ್ಲಿ ಮೈಗ್ರೇನ್ ಕಂಡವರು ಶೇ. 25. ನಾಲ್ವರಲ್ಲಿ ಒಬ್ಬರು! ಅಷ್ಟು ಜನರ ನಡುವೆ ನನ್ನ ಮಗಳೊಬ್ಬಳೇ ವಿಚಿತ್ರ ಆಗಿದ್ದು ಹೇಗೆ?

ಮೊನ್ನೆ ಆಫೀಸಿನ ಗೆಳೆಯರೊಬ್ಬರು ವಾಟ್ಸಾಪ್ ಕಳಿಸಿದರು. ತಿಂಗಳಿಗೊಂದು ಇಂಜೆಕ್ಷನ್, ಫ್ರೆಮಾನೆಜುಮ್ಯಾಬ್ ಅಂತ, ಅಮೆರಿಕದಲ್ಲಿ 2025ರ ಆಗಸ್ಟಿನಲ್ಲಿ ಮಕ್ಕಳಿಗೂ ಒಪ್ಪಿಗೆ ಸಿಕ್ಕಿದೆ. ಎದೆ ಹೊಡೆದುಕೊಂಡಿತು. ಓದಿದರೆ ಅದು ಆಗೊಮ್ಮೆ ಈಗೊಮ್ಮೆ ಬರುವ ಮೈಗ್ರೇನಿಗೆ, ಅದೂ 45 ಕಿಲೋ ತೂಕದ ಮೇಲಿನವರಿಗೆ. ಪುಟ್ಟಿ 31 ಕಿಲೋ. ಹಳೇ ನಾನಾಗಿದ್ದರೆ ಅವತ್ತೇ ರೈಲು ಹತ್ತಿರುತ್ತಿದ್ದೆ. ಈ ಸಲ ಡೈರಿಯ ಕೊನೇ ಪುಟದಲ್ಲಿ "ಮುಂದಿನ ಸಲ ಡಾಕ್ಟರನ್ನು ಕೇಳಬೇಕು" ಅಂತ ಬರೆದಿಟ್ಟೆ, ಅಷ್ಟೇ.

ಡೈರಿ ಅಂದೆನಲ್ಲ, ನೂರು ಪುಟದ ಒಂದು ನೋಟ್ ಬುಕ್. ಪುಟ್ಟಿಯೇ ಬರೆಯುತ್ತಾಳೆ. ನಿದ್ದೆ, ತಿಂಡಿ, ನೀರು, ನೋವು, ಮಾತ್ರೆ. ನೋವಿನ ಮಾತ್ರೆ ವಾರಕ್ಕೆ ಎರಡೇ ದಿನ ಅಂತ ಡಾಕ್ಟರ ಕಟ್ಟಪ್ಪಣೆ, ಆದರೆ ಕೊಡುವ ದಿನ ತಡಮಾಡದೆ ಕೊಡಬೇಕು. ಡಾಕ್ಟರ ಪತ್ರ ತೋರಿಸಿದ ಮೇಲೆ ಸ್ಕೂಲಿನಲ್ಲಿ ಲೈಬ್ರರಿ ಮೂಲೆಯಲ್ಲೊಂದು ಬೆಂಚ್ ಕೊಟ್ಟಿದ್ದಾರೆ, ಪರದೆ ಎಳೆದು ಅರ್ಧ ಗಂಟೆ ಮಲಗಲು. ಆಮೇಲೆ ಎಷ್ಟೋ ಸಲ ಕ್ಲಾಸಿಗೆ ವಾಪಸ್ ಹೋಗುತ್ತಾಳೆ. ಹೋದ ತಿಂಗಳ ಲೆಕ್ಕ ಹನ್ನೊಂದು ದಿನ. ಗಣಿತದ ಟೆಸ್ಟ್ ದಿನ ಎರಡು ಸಲ ಬಂದಿದೆ, ಭಾನುವಾರ ಮೂರು ಸಲ. ಸ್ಕೂಲಿನವರಿಗೆ ಈ ಪುಟವನ್ನೂ ತೋರಿಸುವ ಆಸೆ ಇದೆ...

ಈಗ ನನ್ನ ಸ್ವಾರ್ಥಕ್ಕೆ ಬರ್ತೀನಿ. ಮಾತಿನ ಚಿಕಿತ್ಸೆ ಸದ್ಯ ಬೆಂಗಳೂರಿನಿಂದ ಫೋನಿನಲ್ಲಿ, ಮುಕ್ಕಾಲು ಪಾಲು ಇಂಗ್ಲಿಷಿನಲ್ಲಿ ನಡೀತಿದೆ. ಪುಟ್ಟಿಗೆ ತಲೆ "ಸಿಡಿಯುತ್ತೆ", "ಕುಟ್ಟುತ್ತೆ", "ಜೋಂಯ್ ಅನ್ನುತ್ತೆ". ಇದನ್ನೆಲ್ಲ ಅವಳು ಇಂಗ್ಲಿಷಿನಲ್ಲಿ ಹೇಳೋದು ಹೇಗೆ? ಮಕ್ಕಳ ಜೊತೆ ಕನ್ನಡದಲ್ಲೇ ಈ ಥೆರಪಿ ಮಾಡುವವರು ಶಿವಮೊಗ್ಗದ ಕಡೆ ಯಾರಾದರೂ ನಿಮಗೆ ಗೊತ್ತಾ? ಗೊತ್ತಿದ್ದರೆ ಕೆಳಗೆ ಒಂದು ಸಾಲು ಬರೆಯಿರಿ. ಮನೆಮದ್ದು ಬೇಡ, ದಯವಿಟ್ಟು. ಅಮ್ಮನ ಶುಂಠಿ ಇನ್ನೂ ಮುಗಿದಿಲ್ಲ :)