ರೆಕಾರ್ಡ್ ಬುಕ್ಕಿಗೆ 9.8 ಎಲ್ಲಿಂದ ಬಂತು?

ಪಿಯುಸಿ ಪ್ರಾಯೋಗಿಕ ಪರೀಕ್ಷೆ ಹತ್ತಿರ ಬಂತೆಂದರೆ ತಾಲ್ಲೂಕು ಕೇಂದ್ರದ ಝೆರಾಕ್ಸ್ ಅಂಗಡಿಗಳಲ್ಲಿ ನಮಗೆ ಒಂದೇ ಥರದ ನೋಟ ಕಾಣುತ್ತದೆ. ಹೋದ ವರ್ಷ ಪಾಸಾದ ಯಾರದೋ ರೆಕಾರ್ಡ್ ಬುಕ್ ಇವತ್ತು ಹತ್ತು ಕೈ ತಿರುಗುತ್ತಿರುತ್ತದೆ. ಮಕ್ಕಳು ರಾತ್ರಿಯಿಡೀ ಕೂತು ಅದನ್ನು ಇಳಿಸಿಕೊಳ್ಳುತ್ತಾರೆ. ಅಂಕಿ, ಚಿತ್ರ, ಫಲಿತಾಂಶ ಎಲ್ಲವೂ ಹಾಗೇ ಬರುತ್ತದೆ. ಕೆಲವು ಕಡೆ ತಪ್ಪು ಕಾಗುಣಿತವೂ ಬರುತ್ತದೆ. ಮನೆಯವರು ನೋಡಿ, 'ನಮ್ಮ ಹುಡುಗಿ ಎಷ್ಟು ಓದ್ತಾಳೆ' ಅಂದುಕೊಳ್ಳುತ್ತಾರೆ.

ಇದನ್ನು ಓದು ಅನ್ನಲು ನಾವು ತಯಾರಿಲ್ಲ. ಇದು ಸುಳ್ಳು ಬರೆಯುವ ತರಬೇತಿ. ಅದೂ ಮೇಷ್ಟ್ರ ಕೆಂಪು ಸಹಿಯೊಂದಿಗೆ.

ಸರಳ ಲೋಲಕದ ಪ್ರಯೋಗವನ್ನೇ ತೆಗೆದುಕೊಳ್ಳಿ. ದಾರಕ್ಕೆ ಗುಂಡು ಕಟ್ಟಿ ತೂಗಿಬಿಟ್ಟು, 20 ಆಂದೋಲನಕ್ಕೆ ಎಷ್ಟು ಸೆಕೆಂಡ್ ಹಿಡಿಯಿತು ಎಂದು ನೋಡಿ, ಗುರುತ್ವ ವೇಗೋತ್ಕರ್ಷ ಅಂದರೆ g ಎಷ್ಟೆಂದು ಲೆಕ್ಕ ಹಾಕುವುದು. ದಾರದ ಉದ್ದ 1 ಮೀಟರ್ ಇದ್ದು 40 ಸೆಕೆಂಡ್ ಬಂದರೆ g ಬೆಲೆ 9.87. ಅದೇ 41 ಸೆಕೆಂಡ್ ಆದರೆ 9.39ಕ್ಕೆ ಇಳಿಯುತ್ತದೆ. ಸ್ಟಾಪ್ ವಾಚ್ ಒತ್ತುವುದು ಒಂದು ಸೆಕೆಂಡ್ ಆಚೀಚೆ ಆದರೂ ಉತ್ತರ ಇಷ್ಟು ಜಿಗಿಯುತ್ತದೆ. ಹಾಗಿರುವಾಗ ಇಡೀ ತರಗತಿಯ 60 ಮಕ್ಕಳಿಗೂ 9.8 ಬಂತೆಂದರೆ ಏನರ್ಥ? ಯಾರೂ ಅಳೆದಿಲ್ಲ, ಅಥವಾ ಅಳೆದವರು ಉತ್ತರದಿಂದ ಹಿಂದಕ್ಕೆ ಲೆಕ್ಕ ಮಾಡಿ ಸಮಯ ತುಂಬಿದ್ದಾರೆ. ತಮಾಷೆ ನೋಡಿ, ಭೂಮಧ್ಯರೇಖೆಗೆ ಹತ್ತಿರವಿರುವ ನಮ್ಮ ಕರ್ನಾಟಕದಲ್ಲಿ g ನಿಜವಾಗಿ ಇರುವುದೇ 9.78ರ ಆಸುಪಾಸು. ಧ್ರುವದ ಹತ್ತಿರ ಹೋದರೆ 9.83.

ನಮಗೆ ಹೆಚ್ಚು ಬೇಸರ ತರುವುದು ಇನ್ನೊಂದು ವಿಷಯ. ಒಬ್ಬ ಹುಡುಗ ಪ್ರಾಮಾಣಿಕವಾಗಿ ಅಳೆದು 10.8 ತಂದ ಎಂದುಕೊಳ್ಳಿ. ಅದು ದಡ್ಡತನವಲ್ಲ, ಅದರೊಳಗೆ ಒಂದು ಪಾಠ ಇದೆ. ಗುಂಡು ಬಿಟ್ಟ ಕೂಡಲೇ 'ಸೊನ್ನೆ' ಎನ್ನುವ ಬದಲು 'ಒಂದು' ಎಂದು ಎಣಿಸಿದರೆ 20 ಅಂದುಕೊಂಡಿದ್ದು ನಿಜಕ್ಕೂ 19 ಆಗಿರುತ್ತದೆ, ಉತ್ತರ ಸರಿಯಾಗಿ 10.8ರ ಹತ್ತಿರಕ್ಕೆ ಬಂದು ನಿಲ್ಲುತ್ತದೆ. ಮೇಷ್ಟ್ರು ಪಕ್ಕದಲ್ಲಿ ಕೂತು 'ಹೇಗೆ ಎಣಿಸಿದೆಯೋ?' ಎಂದು ಕೇಳಿದರೆ ಆ ಹುಡುಗ ಸಾಯುವ ತನಕ ಮರೆಯುವುದಿಲ್ಲ. ಆದರೆ ಆಗುವುದೇನು? 'ಅಳಿಸು, 9.8 ಹಾಕು' ಎಂಬ ಮಾತು.

ತಪ್ಪೆಲ್ಲ ಮಕ್ಕಳದು ಎಂದು ನಾವು ಹೇಳುತ್ತಿಲ್ಲ. ವರ್ಷವಿಡೀ ಲ್ಯಾಬಿಗೆ ಬೀಗ, ಪರೀಕ್ಷೆಗೆ ಎರಡು ವಾರ ಇದ್ದಾಗ ಎಲ್ಲ ಪ್ರಯೋಗ ಒಟ್ಟಿಗೆ. ಒಂದು ಬ್ಯೂರೆಟ್ಟಿನ ಸುತ್ತ ಎಂಟು ಜನ, ಅದರಲ್ಲಿ ಮುಟ್ಟುವವರು ಇಬ್ಬರು. ಹೀಗೆ ನಡೆಸುವ ಕಾಲೇಜುಗಳನ್ನು ನಾವು ಸುದ್ದಿಗೆ ಓಡಾಡುವಾಗ ಕಣ್ಣಾರೆ ನೋಡಿದ್ದೇವೆ. ವಿಜ್ಞಾನದ ಒಂದೊಂದು ವಿಷಯಕ್ಕೆ ಪ್ರಾಯೋಗಿಕಕ್ಕೆಂದೇ 30 ಅಂಕ ಇದೆ. ರೆಕಾರ್ಡಿಗೆ ಬರುವ ಅಂಕ ಬ್ರೌನ್ ಶೀಟ್ ಹೊದಿಕೆಗೆ, ಸ್ಕೇಲ್ ಇಟ್ಟು ಎಳೆದ ಗೆರೆಗೆ, ದುಂಡು ಅಕ್ಷರಕ್ಕೆ ಹೋಗುವುದಾದರೆ ಮಕ್ಕಳು ಅದನ್ನೇ ಕಲಿಯುತ್ತಾರೆ.

'ಎಲ್ಲಾರೂ ಹಿಂಗೇ ಪಾಸಾದ್ರು, ಏನಾಯ್ತು ಈಗ?' ಎನ್ನುವವರಿಗೆ ನಮ್ಮದೊಂದು ಪ್ರಶ್ನೆ. ಡೈರಿಯಲ್ಲಿ ನಿಮ್ಮ ಹಾಲನ್ನು ಪರೀಕ್ಷೆಯನ್ನೇ ಮಾಡದೆ ನಿನ್ನೆಯ ಫ್ಯಾಟನ್ನೇ ಇವತ್ತೂ ಬರೆದರೆ ಸುಮ್ಮನಿರುತ್ತೀರಾ? ಪಾವಗಡದ ಕಡೆಯ ಹಳ್ಳಿಗಳಲ್ಲಿ ಬೋರ್‌ವೆಲ್ ನೀರಿನ ಫ್ಲೋರೈಡ್ ಜನರ ಹಲ್ಲು, ಮೂಳೆ ಹಾಳು ಮಾಡಿದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ನಾಳೆ ನಿಮ್ಮೂರ ನೀರು ಪರೀಕ್ಷೆ ಮಾಡಿ ಆ ಅಂಕಿ ಬರೆಯುವವರು ಯಾರು? ಇವತ್ತು ಝೆರಾಕ್ಸ್ ಅಂಗಡಿ ಮುಂದೆ ನಿಂತಿರುವ ಇದೇ ಮಕ್ಕಳು. ಬರಬೇಕಾದ ಉತ್ತರ ಮೊದಲು, ಅಳತೆ ಆಮೇಲೆ ಎಂದು ಅವರಿಗೆ ಕಲಿಸಿದವರು ನಾವೇ, ಅಂದರೆ ಊರಿನವರೆಲ್ಲ ಸೇರಿ.

ಹಾಗಾದರೆ ಹೇಗೆ ಬರೆಯಬೇಕು? ಕಷ್ಟವೇನಿಲ್ಲ. ಲ್ಯಾಬಿಗೆ ಹೋಗುವಾಗ ಒಂದು ರಫ್ ಬುಕ್ ಜೇಬಿನಲ್ಲಿರಲಿ, ಬರೆಯುವುದು ಪೆನ್ನಿನಲ್ಲಿ. ಕಂಡ ಅಂಕಿ ಕಂಡ ಕ್ಷಣವೇ ಅದಕ್ಕೆ ಹೋಗಬೇಕು, ಜೊತೆಗೆ ಸೆಂಟಿಮೀಟರೋ ಸೆಕೆಂಡೋ ಎಂಬುದೂ. ತಪ್ಪಾದರೆ ಒಂದು ಗೆರೆ ಎಳೆಯಿರಿ, ರಬ್ಬರ್ ಮುಟ್ಟಬೇಡಿ, ಹೊಡೆದು ಹಾಕಿದ್ದೂ ಓದುವಂತಿರಲಿ. ಅದೇ ಅಳತೆಯನ್ನು ಮೂರು ಸಲ ಮಾಡಿ ಮೂರನ್ನೂ ಬರೆಯಿರಿ. ಮೂರೂ ಬೇರೆ ಬೇರೆ ಬಂದರೆ ಹೆದರಬೇಡಿ, ಬರಬೇಕಾದ್ದೇ ಹಾಗೆ.

ವಿಧಾನ ಬರೆಯುವಾಗ 'ದಾರವನ್ನು ಕಟ್ಟಿರಿ' ಎಂದು ಪುಸ್ತಕದ ಅಪ್ಪಣೆ ಇಳಿಸಬೇಡಿ. 'ದಾರ ಕಟ್ಟಿದೆವು, ಗುಂಡಿನ ನಡುಭಾಗದ ತನಕ ಅಳೆದೆವು' ಎಂದು ನೀವು ಮಾಡಿದ್ದನ್ನು ಬರೆಯಿರಿ. ಮಾಡದೆ ಇದ್ದದ್ದನ್ನು ಹೀಗೆ ಬರೆಯಲು ಕೈ ಸ್ವಲ್ಪ ಹಿಂಜರಿಯುತ್ತದೆ, ಅದೇ ಇದರ ಲಾಭ. ಇಂಗ್ಲಿಷ್ ವಾಕ್ಯ ಅರ್ಥವಾಗದಿದ್ದರೆ ರಫ್ ಬುಕ್ಕಿನಲ್ಲಿ ಕನ್ನಡದಲ್ಲೇ ಬರೆದುಕೊಳ್ಳಿ, ಆಮೇಲೆ ಬೇಕಾದರೆ ಮೇಷ್ಟ್ರನ್ನು ಕೇಳಿ ಇಂಗ್ಲಿಷಿಗೆ ತನ್ನಿ.

ಕೊನೆಗೆ ಫಲಿತಾಂಶ. 9.6 ಬಂದರೆ 9.6 ಅಂತಲೇ ಬರೆಯಿರಿ. ಅದರ ಕೆಳಗೆ ಎರಡು ಸಾಲು: ಯಾಕೆ ಹೀಗೆ ಬಂದಿರಬಹುದು? ಫ್ಯಾನ್ ಗಾಳಿಯೇ, ದಾರ ಎಳೆದುಕೊಂಡಿತೇ, ಗುಂಡು ನೇರ ತೂಗದೆ ಸುತ್ತು ಹೊಡೆಯಿತೇ? ನಮ್ಮ ಪ್ರಕಾರ ಇಡೀ ರೆಕಾರ್ಡಿನಲ್ಲಿ ಅಂಕ ಕೊಡಬೇಕಾದ್ದು ಈ ಎರಡು ಸಾಲಿಗೆ. ಪತ್ರಿಕೋದ್ಯಮ ಡಿಪ್ಲೊಮಾದಲ್ಲಿ ನಮಗೂ ಮೊದಲು ಕಲಿಸಿದ್ದು ಇದೇ, ಕಂಡದ್ದು ಬೇರೆ, ಕೇಳಿದ್ದು ಬೇರೆ ಅಂತ. (ಸಭೆಗೆ ಹೋಗದೆ ಪ್ರೆಸ್ ನೋಟ್ ನೋಡಿ ವರದಿ ಬರೆಯುವವರು ನಮ್ಮಲ್ಲೂ ಇದ್ದಾರೆ. ಅವರ ಕಥೆ ಇನ್ನೊಂದು ದಿನ.)

ಉಪನ್ಯಾಸಕರಿಗೂ ಒಂದು ಮಾತು. ಸಹಿ ಹಾಕುವ ಮುಂಚೆ ರಫ್ ಬುಕ್ ಕೇಳಿ. ಅದು ಇಲ್ಲದ ರೆಕಾರ್ಡಿಗೆ ಸಹಿ ಬೇಡ. ಒಂದು ಬ್ಯಾಚಿಗೆ ಹೀಗೆ ಮಾಡಿದರೆ ಝೆರಾಕ್ಸ್ ಅಂಗಡಿಯವರಿಗೆ ನಷ್ಟವಾಗಬಹುದು, ಆಗಲಿ.

ಅಪ್ಪ ಅಮ್ಮಂದಿರು ಮಾಡಬಹುದಾದ ಕೆಲಸವೂ ಇದೆ. ಈ ಭಾನುವಾರ ಮನೆಯ ತೊಲೆಗೆ ಒಂದು ಮೀಟರ್ ದಾರದಲ್ಲಿ ಒಂದು ಪುಟ್ಟ ಕಲ್ಲು ಕಟ್ಟಿ. ಮೊಬೈಲಿನಲ್ಲೇ ಸ್ಟಾಪ್ ವಾಚ್ ಇದೆ. ಮಕ್ಕಳು ಎಣಿಸಲಿ, ನೀವು ಒತ್ತಿ. 20 ಆಂದೋಲನಕ್ಕೆ ಎಷ್ಟು ಸೆಕೆಂಡ್ ಬಂತೋ ಅಷ್ಟನ್ನೇ, ತಿದ್ದದೆ, ಊರಿನ ಹೆಸರಿನ ಜೊತೆ ನಮಗೆ ಕಳಿಸಿ. ಬಂದ ಅಂಕಿಗಳನ್ನೆಲ್ಲ ಬಂದ ಹಾಗೆಯೇ ಇಲ್ಲಿ ಹಾಕುತ್ತೇವೆ.