ಹಳೆಯ ಕಾರಿಗೆ ಹೊಸ ಉಸಿರು



ಈ ಸಲ ನಿಮ್ಮಿಂದ ಬಂದ ಪತ್ರಗಳಲ್ಲಿ ಡೊಂಬಿವಲಿಯ ಹುಡುಗನೊಬ್ಬನ ಪತ್ರ ನನ್ನನ್ನು ಹಿಡಿದು ನಿಲ್ಲಿಸಿತು. ಕನ್ನಡಕ್ಕೆ ಮರಾಠಿಯ ಒಗ್ಗರಣೆ ಸ್ವಲ್ಪ ಜಾಸ್ತಿಯೇ ಬಿದ್ದಿದೆ, ಆದರೆ ಪ್ರಶ್ನೆ ಸ್ಪಷ್ಟವಾಗಿದೆ. ಮನೆಯಲ್ಲಿ ತಾತ ಕೊಂಡ ಕಾರ್ಬ್ಯುರೇಟರ್ ಕಾಲದ ಮಾರುತಿ 800 ಇದೆಯಂತೆ. ಹೊರದೇಶಗಳಲ್ಲಿ ಹಳೆಯ ಸ್ಪೋರ್ಟ್ಸ್ ಕಾರುಗಳಿಗೆ ಹೊಸ ಮಾದರಿಯ ಇಂಜೆಕ್ಷನ್ ಕೂರಿಸುತ್ತಾರಲ್ಲ, ಹಾಗೆ ಇದಕ್ಕೂ ಮಾಡಿಸೋಣ ಎಂದು ಇವನು, ಮುಟ್ಟಿದರೆ ನೋಡು ಎಂದು ಅಪ್ಪ. “ಆಂಟಿ, ನೀವೇ ತೀರ್ಪು ಹೇಳಿ” ಎಂದು ಬರೆದಿದ್ದಾನೆ.

ಸಾರು ಹುಳಿ ಮಾಡುವವಳನ್ನು ಕೇಳುವ ಪ್ರಶ್ನೆಯೇ ಇದು ಎಂದು ನಮ್ಮ ಮನೆಯವರು ನಕ್ಕರು. ನಗಲಿ ಬಿಡಿ. ನನ್ನ ತಂಗಿಯ ಮಗಳು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಇಂಜಿನಿಯರ್. ಹೋದ ಚಳಿಗಾಲದಿಂದ ಭಾನುವಾರದ ಫೋನಿನಲ್ಲಿ ಅವಳಿಗೆ ಬೇರೆ ಮಾತೇ ಇಲ್ಲ. 1982ರ ಪೋರ್ಶೆ 911 ಎಸ್‌ಸಿ ಒಂದನ್ನು ಕೂಡಿಟ್ಟ ದುಡ್ಡೆಲ್ಲ ಸುರಿದು ಕೊಂಡಿದ್ದಾಳೆ. ಅದಕ್ಕೆ ಮುಂದಿನ ಮಾದರಿಯಾದ 3.2 ಕರೇರಾದ ಇನ್‌ಟೇಕ್ ವ್ಯವಸ್ಥೆಯನ್ನು ತಂದು ಜೋಡಿಸುವುದು ಅವಳ ಹಟ. ತಂಗಿ ಅತ್ತಳು, ನಾನು ಕೇಳಿಸಿಕೊಂಡೆ. ಕೇಳಿಸಿಕೊಂಡದ್ದರಲ್ಲಿ ನಿಮಗೆ ಉಪಯೋಗವಾಗುವಷ್ಟನ್ನು ಹೇಳುತ್ತೇನೆ.

ಮೊದಲು ಪದಗಳು. ಇಂಗ್ಲಿಷ್ ಬಿಎ ಓದಿದ್ದಕ್ಕೆ ಇಷ್ಟಾದರೂ ಪ್ರಯೋಜನ ಬೇಡವೇ! ಇನ್‌ಟೇಕ್ ಎಂದರೆ ಒಳಗೆಳೆದುಕೊಳ್ಳುವುದು, ಅಂದರೆ ಇಂಜಿನ್ನಿನ ಉಸಿರು. ಥ್ರಾಟಲ್ ಎಂಬ ಪದದ ಮೂಲದಲ್ಲಿರುವುದು ಗಂಟಲು. ಆಕ್ಸಿಲರೇಟರ್ ಒತ್ತಿದಾಗ ತೆರೆದುಕೊಳ್ಳುವುದು ಅದೇ ಗಂಟಲು. ಮ್ಯಾನಿಫೋಲ್ಡ್ ಎಂದರೆ ಹಲವು ಮಡಿ. ಗಂಟಲಿನಿಂದ ಇಳಿದ ಗಾಳಿ ಅಲ್ಲಿ ಕವಲೊಡೆದು ಒಂದೊಂದು ಸಿಲಿಂಡರಿಗೂ ಹೋಗುತ್ತದೆ. ಆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಬೆರೆಯಬೇಕು. ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು 14.7 ಪಾಲು ಗಾಳಿ. ದೋಸೆ ಹಿಟ್ಟಿನ ಹದ ತಪ್ಪಿದರೆ ಕಾವಲಿ ಬಿಡುವುದಿಲ್ಲವಲ್ಲ, ಇಲ್ಲೂ ಹಾಗೆಯೇ. ಹದ ತಪ್ಪಿದರೆ ಇಂಜಿನ್ ಕೆಮ್ಮುತ್ತದೆ, ಹೊಗೆಯುಗುಳುತ್ತದೆ, ಇಲ್ಲವೇ ಕಾದು ಹಾಳಾಗುತ್ತದೆ.

ಎಸ್‌ಸಿ ಮಾದರಿ ಬಂದದ್ದು 1978ರಿಂದ 1983ರವರೆಗೆ. ಹಿಂಭಾಗದಲ್ಲಿ ಆರು ಸಿಲಿಂಡರಿನ, ಗಾಳಿಯಿಂದಲೇ ತಣಿಯುವ 2994 ಸಿಸಿ ಇಂಜಿನ್. ಅದರ ಹದ ನೋಡಿಕೊಳ್ಳುವುದು ಬಾಶ್ ಕಂಪನಿ 1973ರಲ್ಲಿ ತಂದ ಕೆ-ಜೆಟ್ರಾನಿಕ್. (ಬಾಶ್ ಎಂದಾಗ ನಿಮ್ಮ ಅಜ್ಜಂದಿರಿಗೆ ಬೆಂಗಳೂರಿನ ಆಡುಗೋಡಿಯ ಮೈಕೋ ಕಾರ್ಖಾನೆ ನೆನಪಾದೀತು. 1951ರಲ್ಲಿ ಹುಟ್ಟಿದ ಆ ಸಂಸ್ಥೆಗೆ 2008ರಲ್ಲಿ ಬಾಶ್ ಲಿಮಿಟೆಡ್ ಎಂದೇ ಹೆಸರಾಯಿತು.) ಈ ಕೆ-ಜೆಟ್ರಾನಿಕ್‌ನಲ್ಲಿ ಕಂಪ್ಯೂಟರಿನ ಸುಳಿವೇ ಇಲ್ಲ. ಒಳನುಗ್ಗುವ ಗಾಳಿ ಒಂದು ದುಂಡು ತಟ್ಟೆಯನ್ನು ಮೇಲೆತ್ತುತ್ತದೆ, ತಟ್ಟೆ ಒಂದು ಸನ್ನೆಯನ್ನು ತಳ್ಳುತ್ತದೆ, ಸನ್ನೆ ಪೆಟ್ರೋಲಿನ ದಾರಿಯನ್ನು ಅಷ್ಟೇ ಅಗಲಿಸುತ್ತದೆ. ಇಂಜಿನ್ ಓಡುವಷ್ಟು ಹೊತ್ತೂ ಆರು ನಳಿಗೆಗಳಿಂದ ಪೆಟ್ರೋಲ್ ನಿಲ್ಲದೆ ಸಿಂಪಡಿಕೆಯಾಗುತ್ತದೆ. ‘ಕೆ’ ಎಂಬ ಅಕ್ಷರಕ್ಕೆ ಜರ್ಮನ್ ಭಾಷೆಯಲ್ಲಿ ಅರ್ಥವೂ ಅದೇ, ಎಡೆಬಿಡದೆ ಎಂದು. ನನಗಂತೂ ಕೇಳಿದಾಗ ಬಹಳ ಮೆಚ್ಚುಗೆಯಾಯಿತು. ಕಣ್ಣಿಗೆ ಕಾಣುವ, ಕೈಗೆ ಸಿಗುವ ಯಂತ್ರ!

ಆದರೆ ವಯಸ್ಸಾದ ಮೇಲೆ ಅದರ ಕಾಟವೂ ಕಣ್ಣಿಗೆ ಕಾಣುವಂಥದೇ. ರಬ್ಬರಿನ ಜೋಡಣೆಗಳು ಒಣಗಿ ಕಳ್ಳಗಾಳಿ ಒಳಸೇರುತ್ತದೆ. ತಟ್ಟೆಯನ್ನು ದಾಟಿ ಬಂದ ಆ ಗಾಳಿಗೆ ಲೆಕ್ಕವಿಲ್ಲ, ಲೆಕ್ಕವಿಲ್ಲದ ಗಾಳಿಗೆ ಪೆಟ್ರೋಲೂ ಇಲ್ಲ. ಚಳಿಯಲ್ಲಿ ಸ್ಟಾರ್ಟ್ ಮಾಡುವಾಗ ಬೆಂಕಿ ಹಿಂದಕ್ಕೆ ಹಾರಿದರೆ ಪ್ಲಾಸ್ಟಿಕ್ಕಿನ ಗಾಳಿಪೆಟ್ಟಿಗೆ ಬಿರಿಯುವುದೂ ಉಂಟು. ಒತ್ತಡ ಹೊರಹಾರಲೆಂದು ಅದಕ್ಕೊಂದು ಪುಟ್ಟ ಮುಚ್ಚಳದ ಕವಾಟ ಕೂರಿಸುವುದು ಎಸ್‌ಸಿ ಇಟ್ಟುಕೊಂಡವರ ಹಳೆಯ ರೂಢಿ. ಪ್ರೆಷರ್ ಕುಕ್ಕರಿನ ಸೇಫ್ಟಿ ವಾಲ್ವ್ ಇದ್ದ ಹಾಗೆ ಎಂದುಕೊಳ್ಳಿ.

1984ರ ಮಾದರಿಯಾಗಿ ಬಂದ 3.2 ಕರೇರಾದಲ್ಲಿ ಇದೆಲ್ಲ ಹೋಗಿ ಬಾಶ್ ಮೋಟ್ರಾನಿಕ್ ಬಂತು. ಗಾಳಿಯನ್ನು ಅಳೆಯಲು ಬಾಗಿಲಿನಂಥ ಒಂದು ರೆಕ್ಕೆ, ಅದು ಕೊಡುವ ವಿದ್ಯುತ್ ಸಂಕೇತ, ಅದನ್ನು ಓದುವ ಒಂದು ಕಂಪ್ಯೂಟರ್. ಪೆಟ್ರೋಲ್ ಎಷ್ಟು ಎಂಬುದನ್ನೂ ಕಿಡಿ ಯಾವ ಕ್ಷಣಕ್ಕೆ ಎಂಬುದನ್ನೂ ಅದೇ ನಿರ್ಧರಿಸುತ್ತದೆ. ನಳಿಗೆಗಳು ಸದಾ ಸುರಿಯದೆ, ಹೇಳಿದಷ್ಟು ಹೊತ್ತು ತೆರೆದು ಮುಚ್ಚುತ್ತವೆ.

ಇನ್ನು ಕೂರಿಸುವ ಸಂಗತಿ. ಎರಡೂ ಒಂದೇ ಮನೆತನದ ಇಂಜಿನ್ನುಗಳಾದ್ದರಿಂದ 3.2ರ ಮ್ಯಾನಿಫೋಲ್ಡು ಎಸ್‌ಸಿಯ ಹೆಡ್‌ಗಳ ಮೇಲೆ ಬೋಲ್ಟಿಗೆ ಬೋಲ್ಟು ಕೂರುತ್ತದೆ. ಹುಡುಗರು ಮರುಳಾಗುವುದು ಇಲ್ಲೇ. “ಕೂತಿತಲ್ಲ, ಮುಗಿಯಿತು” ಎನ್ನುತ್ತಾರೆ. ಸೊಸೆಯೊಬ್ಬಳೇ ಮನೆಗೆ ಬರುತ್ತಾಳೆಯೇ? ತವರಿನ ಬಳಗವೂ ಹಿಂದೆಯೇ ಬರುತ್ತದೆ. ಮೋಟ್ರಾನಿಕ್‌ಗೆ ಇಂಜಿನ್ ಎಷ್ಟು ವೇಗದಲ್ಲಿ ತಿರುಗುತ್ತಿದೆ, ಯಾವ ಭಂಗಿಯಲ್ಲಿದೆ ಎಂದು ಗೊತ್ತಾಗಬೇಕು. ಅದಕ್ಕೆ ಫ್ಲೈವೀಲ್ ಪಕ್ಕದಲ್ಲಿ ಎರಡು ಸೆನ್ಸರ್ ಬೇಕು, ಫ್ಲೈವೀಲ್ ಮೇಲೆ ಗುರುತು ಬೇಕು. ಎಸ್‌ಸಿಯಲ್ಲಿ ಎರಡೂ ಇಲ್ಲ. ಆದ್ದರಿಂದ ಇಂಜಿನ್ನನ್ನೂ ಗೇರ್‌ಬಾಕ್ಸನ್ನೂ ಬೇರ್ಪಡಿಸದೆ ಕೆಲಸವಾಗದು. ಹೆಡ್‌ನ ಶಾಖ ಅಳೆಯುವ ಸೆನ್ಸರ್, ವೈರಿಂಗ್ ಕಂತೆ, ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಎಲ್ಲವೂ ಹೊಸ ಮಾದರಿಯವೇ ಆಗಬೇಕು. ಹಳೆಯದರಲ್ಲಿ ಪೆಟ್ರೋಲಿನ ಒತ್ತಡ ಸುಮಾರು 5 ಬಾರ್, ಹೊಸದರಲ್ಲಿ ಸುಮಾರು 2.5 ಬಾರ್, ಹಾಗಾಗಿ ರೆಗ್ಯುಲೇಟರ್, ಕೊಳವೆಗಳು ಸಹ ಬದಲು. ಇಷ್ಟೂ ಸಾಲದೆಂದು, ಎಸ್‌ಸಿಯಲ್ಲಿ ಮೊದಲ ವರ್ಷಗಳ ಹೆಡ್‌ನ ಗಾಳಿರಂಧ್ರ ದೊಡ್ಡದು, 1980ರಿಂದ ಈಚಿನದು ಚಿಕ್ಕದು. ಮ್ಯಾನಿಫೋಲ್ಡಿನ ಬಾಯಿ ದೊಡ್ಡದಾಗಿ ಹೆಡ್‌ನ ಬಾಯಿ ಚಿಕ್ಕದಾದರೆ ನಡುವೆ ಮೆಟ್ಟಿಲಾಗಿ ಗಾಳಿ ಮುಗ್ಗರಿಸುತ್ತದೆ. ಹೆಡ್ ಬಿಚ್ಚಿ ಒಳಗಿನಿಂದ ಕೊರೆದು ಹೊಂದಿಸಬೇಕು. ಕಂಪ್ಯೂಟರಿನಲ್ಲಿರುವ ಲೆಕ್ಕವೂ 3.2 ಲೀಟರಿನದು, 3 ಲೀಟರಿನ ಇಂಜಿನ್ನಿಗೆ ಅದನ್ನು ತಿದ್ದಿಸಬೇಕು.

ಹೋಗಲಿ, ಶಕ್ತಿಯಾದರೂ ಏರುತ್ತದೆಯೇ? ಯುರೋಪಿನ 1982ರ ಎಸ್‌ಸಿಗೆ 204 ಅಶ್ವಶಕ್ತಿ, 3.2 ಕರೇರಾಗೆ 231. ಈ 27ನ್ನು ನೋಡಿಯೇ ಎಲ್ಲರೂ ಹೊರಡುವುದು. ಆದರೆ ಆ ವ್ಯತ್ಯಾಸದ ದೊಡ್ಡ ಪಾಲು ಬಂದದ್ದು 3164 ಸಿಸಿಯ ದೊಡ್ಡ ಹೊಟ್ಟೆಯಿಂದ, ಹೆಚ್ಚಿನ ಕಂಪ್ರೆಷನ್ನಿಂದ. ಉಸಿರಿನ ಕೊಳವೆ ಬದಲಾಯಿಸಿದ ಮಾತ್ರಕ್ಕೆ ಅಷ್ಟೂ ದಕ್ಕುವುದಿಲ್ಲ. ಕ್ಯಾಮ್‌ಶಾಫ್ಟ್ ಸಹ ಬದಲಿಸುವವರಿಗೆ ಲಾಭ ಹೆಚ್ಚು. ಹಳೆಯ ತಟ್ಟೆ ಗಾಳಿಯ ಅಲುಗಾಟವನ್ನು ತಾಳಲಾರದು, ಹಾಗಾಗಿ ಎಸ್‌ಸಿಗೆ ಸಾಧು ಸ್ವಭಾವದ ಕ್ಯಾಮ್ ಹಾಕಿದ್ದರು. ನಮ್ಮ ಹುಡುಗಿಗೆ ಬೇಕಾದದ್ದು ಶಕ್ತಿಯಲ್ಲ, ಬೆಳಗಿನ ಚಳಿಯಲ್ಲಿ ಕರೆದ ಕೂಡಲೇ ಓಗೊಡುವ ಕಾರು. ಆ ಕಾರಣ ನನಗೆ ಒಪ್ಪಿಗೆಯಾಯಿತು. ಶಕ್ತಿಗಾಗಿ ಎಂದಿದ್ದರೆ ತಂಗಿಯ ಪರ ನಿಲ್ಲುತ್ತಿದ್ದೆ.

ಅವಳಿಗಿದ್ದ ನಿಜವಾದ ಭಯ ಬೇರೆ. ಜರ್ಮನಿಯಲ್ಲಿ 30 ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ವಾಹನಕ್ಕೆ ‘ಎಚ್’ ಅಕ್ಷರದ ನಂಬರ್ ಪ್ಲೇಟು ಕೊಡುತ್ತಾರೆ. 1997ರಿಂದ ಬಂದ ಪದ್ಧತಿ. ಅದಿದ್ದರೆ ತೆರಿಗೆ ವರ್ಷಕ್ಕೆ ಸುಮಾರು 192 ಯೂರೋ ಮಾತ್ರ. ಅದಕ್ಕಿಂತ ಮುಖ್ಯವಾಗಿ, ಹೊಗೆಯ ನಿರ್ಬಂಧವಿರುವ ನಗರ ವಲಯದೊಳಗೆ ಓಡಾಡಲು ಬಿಡುತ್ತಾರೆ. ಸ್ಟುಟ್‌ಗಾರ್ಟ್ ಅಂಥ ವಲಯ. ಎಚ್ ಕಳೆದುಕೊಂಡರೆ ಅವಳ ಕಾರು ಅವಳ ಮನೆಯ ಬೀದಿಗೇ ಬರುವಂತಿಲ್ಲ! ಆದ್ದರಿಂದ ಸ್ಪ್ಯಾನರ್ ಹಿಡಿಯುವ ಮೊದಲೇ ತಪಾಸಣಾ ಸಂಸ್ಥೆಯ ಪರೀಕ್ಷಕರ ಮುಂದೆ ಕಾಗದಪತ್ರ ಇಟ್ಟುಕೊಂಡು ಕೂತಳು. ವಾಹನ ಹೊರಬಂದ 10 ವರ್ಷದೊಳಗೆ ಆ ಕಾಲದಲ್ಲಿ ರೂಢಿಯಲ್ಲಿದ್ದ ಬದಲಾವಣೆಗಳಿಗೆ ಸಾಮಾನ್ಯವಾಗಿ ಅಡ್ಡಿಯಿಲ್ಲ ಎಂಬುದು ಅಲ್ಲಿನ ನಿಯಮದ ಧೋರಣೆ. 1984ರ ಮೋಟ್ರಾನಿಕ್ ಈ ಲೆಕ್ಕದೊಳಗೆ ಬರುತ್ತದೆ. ಈಗಿನ ಕಾಲದ ಬೇರೆ ಕಂಪ್ಯೂಟರನ್ನೂ ಪುಲ್ಲಿಗೆ ಹಲ್ಲಿನ ಚಕ್ರವನ್ನೂ ಹಾಕುವ ಸುಲಭದ ದಾರಿ ಒಂದಿತ್ತು. ಫ್ಲೈವೀಲಿನ ರಗಳೆಯೇ ತಪ್ಪುತ್ತಿತ್ತು. ಆದರೆ ಅದು ಆ ಕಾಲದ್ದಲ್ಲ. ಹೀಗೆ ಕಷ್ಟದ ದಾರಿಯನ್ನೇ ಹಿಡಿದಳು. ಪರೀಕ್ಷಕರು ಸಹಿ ಹಾಕಿದ ದಿನ ನನಗೆ ಫೋನು ಬಂದದ್ದು ನಮ್ಮ ರಾತ್ರಿ ಹನ್ನೊಂದೂವರೆಗೆ.

ಈಗ ಡೊಂಬಿವಲಿಯ ಹುಡುಗನಿಗೆ. ಮಗು, ಮಾರುತಿ ಕಂಪನಿಯೇ 2000ದ ಆಸುಪಾಸಿನಲ್ಲಿ ಹೊಗೆಯ ಹೊಸ ನಿಯಮ ಬಂದಾಗ 800ಕ್ಕೆ ಇಂಜೆಕ್ಷನ್ ತಂದಿತು, ನಿಜ. ಹಾಗಾದರೆ ಬಿಡಿಭಾಗ ಸಿಗುತ್ತದಲ್ಲ ಎನ್ನುತ್ತೀಯ. ಮೇಲೆ ಹೇಳಿದ ತವರಿನ ಬಳಗವನ್ನು ನೆನಪಿಸಿಕೋ. ಕಾರ್ಬ್ಯುರೇಟರಿಗೆ ಇಂಜಿನ್ ಪಕ್ಕದ ಪುಟ್ಟ ಪಂಪಿನ ಅಲ್ಪ ಒತ್ತಡ ಸಾಕು; ಇಂಜೆಕ್ಷನ್‌ಗೆ ವಿದ್ಯುತ್ ಪಂಪಿನ ಹೆಚ್ಚಿನ ಒತ್ತಡ ಬೇಕು. ಹಳೆಯ ರಬ್ಬರ್ ಕೊಳವೆ ಆ ಒತ್ತಡಕ್ಕೆ ಬಿರಿದು ಬಿಸಿ ಇಂಜಿನ್ ಮೇಲೆ ಪೆಟ್ರೋಲ್ ಬಿದ್ದರೆ ಏನಾಗುತ್ತದೆ ಎಂದು ನಾನು ಬಿಡಿಸಿ ಹೇಳಬೇಕಿಲ್ಲ. ಕಾನೂನೂ ಇದೆ. ಮೋಟಾರು ವಾಹನ ಕಾಯಿದೆಯ 52ನೇ ಕಲಮಿನ ಪ್ರಕಾರ ತಯಾರಕರು ನಮೂದಿಸಿದ ವಿವರಕ್ಕೆ ಹೊಂದದ ಬದಲಾವಣೆ ಕೂಡದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿ ಹಿಡಿಯಿತು. ನಾಳೆ ಅಪಘಾತವಾದರೆ ವಿಮೆಯವರು ಮೊದಲು ನೋಡುವುದೂ ಅದನ್ನೇ. ಅಪ್ಪನ ಮಾತಿನ ಧಾಟಿ ಒರಟಾಗಿರಬಹುದು, ಆದರೆ ಈ ಸಲ ನನ್ನ ತೀರ್ಪು ಅವರ ಕಡೆಗೆ.

ಕೈ ಸುಮ್ಮನಿರದಿದ್ದರೆ ಕಾರ್ಬ್ಯುರೇಟರನ್ನೇ ಬಿಚ್ಚಿ ತೊಳೆದು, ಹೊಸ ಗ್ಯಾಸ್ಕೆಟ್ ಹಾಕಿ, ಪೆಟ್ರೋಲ್ ಕೊಳವೆಗಳನ್ನೆಲ್ಲ ಬದಲಾಯಿಸು. ಬ್ಯಾಟರಿಯ ತಂತಿ ಕಳಚಿಟ್ಟು, ಬಯಲಿನಲ್ಲಿ, ಒಬ್ಬ ಅನುಭವಸ್ಥ ಮೆಕ್ಯಾನಿಕ್ ಪಕ್ಕದಲ್ಲಿರುವಾಗ. ಅಪ್ಪನನ್ನೂ ಕರೆ, ಬರುತ್ತಾರೆ ನೋಡು. ಬಿಚ್ಚುವ ಮೊದಲು ಒಂದೊಂದು ಭಾಗದ ಚಿತ್ರ ತೆಗೆದು, ಸ್ಕ್ರೂಗಳನ್ನು ಬೇರೆ ಬೇರೆ ಡಬ್ಬಿಯಲ್ಲಿ ಚೀಟಿ ಅಂಟಿಸಿ ಇಡು. ನನ್ನ ತಂಗಿಯ ಮಗಳು ತೆಗೆದ ಕೆ-ಜೆಟ್ರಾನಿಕ್‌ನ ಒಂದು ತಿರುಪೂ ಬಿಸಾಡಿಲ್ಲ. ಮುಂದೆ ಯಾರಿಗಾದರೂ ಮೂಲ ರೂಪಕ್ಕೇ ಮರಳಿಸಬೇಕೆನಿಸಿದರೆ ಸಿಗಲಿ ಎಂದು ಎಲ್ಲವನ್ನೂ ಎಣ್ಣೆ ಸವರಿ, ಕನ್ನಡದಲ್ಲೇ ಚೀಟಿ ಬರೆದು ಪೆಟ್ಟಿಗೆಯಲ್ಲಿಟ್ಟಿದ್ದಾಳೆ. ಪೆಟ್ಟಿಗೆ ಅವಳ ಮಂಚದ ಕೆಳಗಿದೆ.